ಮೊದಲನೇ ಪೆಟ್ಟು

ಹಾಡು ಶುರುವಾಗಿ ಮೂರು ಸಾಲು ಮುಗಿಯುವಷ್ಟರಲ್ಲಿ ಡ್ರಮ್ ಬಾರಿಸುವ ಅಣ್ಣ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದ. "ಯಾರೋ ಇದು, ಮೊದಲನೇ ಪೆಟ್ಟಿಗೇ ಬಡಿದಿರೋನು?"

"ಮಷೀನು ಕಣಣ್ಣ," ಎಂದ ಹಾಡುಗಾರ ತಮ್ಮ, ಆಲ್ಬಮ್ಮಿನ ರಟ್ಟಿನ ನಮೂನೆ ನೋಡುತ್ತ. "ನೀನು ಅಲ್ಲಿ ಸುಮ್ಮನಿದ್ದೆಯಲ್ಲ, ಬಿಕೋ ಅಂತಿತ್ತು. ಹತ್ತೂ ಹಾಡಿಗೆ ತುಂಬಿಸಿಬಿಟ್ಟೆ."

ಅವರು ನುಡಿಸುತ್ತಿದ್ದ ಜಮೈಕಾದ ರೂಟ್ಸ್ ರೆಗೆ ಸಂಗೀತದಲ್ಲಿ, ನಾಲ್ಕು ಪೆಟ್ಟಿನ ಆವರ್ತದ ಆ ಮೊದಲ ಪೆಟ್ಟನ್ನು ಬಿಡುವುದೇ ಕಸುಬು. ಎತ್ತಿದ ಕೋಲನ್ನು ಹಾಗೇ ತಡೆದು, ಮೂರನೆಯದಕ್ಕೆ ಬೀಳಿಸಬೇಕು. ಅಷ್ಟು ಸುಮ್ಮನಿರುವುದನ್ನು ಕಲಿಯಲು ಅಣ್ಣನಿಗೆ ಹನ್ನೊಂದು ವರ್ಷ ಹಿಡಿದಿತ್ತು, ಅದೂ ಇದೇ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹೆಡ್‌ಫೋನಿನೊಳಗೆ ತಮ್ಮನ ದನಿ ಸಣ್ಣಗೆ ಕೂಗುತ್ತಲೇ ಇತ್ತು: ಕಿತ್ತುಕೊಂಡವರೇ, ನಮ್ಮ ಪಾಲಿನ ನೆಲ ನಮಗೆ ಬಿಡಿ.

"ನಾನು ಬಾರಿಸಿದ್ದನ್ನ ಹಾಗೇ ಎಲ್ಲಾದ್ರೂ ಇಟ್ಟಿದೀಯಾ?"

"ಅಳಿಸಿದ್ವಿ. ಆದ್ರೂ ರಟ್ಟಿನ ಮೇಲೆ ನಿನ್ನ ಹೆಸರು ದಪ್ಪಕ್ಷರದಲ್ಲೇ ಹಾಕಿಸಿದೀನಿ ನೋಡು, ಮನೆಯವನಲ್ವಾ!"

ಅಣ್ಣ ಮೇಜಿನ ಮೇಲಿದ್ದ ಪೆನ್ನು ತೆಗೆದು ಆ ಹೆಸರಿನ ಮೇಲೆ ಗೀಟೆಳೆದ.

"ಒಂದು ಪೆಟ್ಟಿಗೆ ಇಷ್ಟೊಂದು ಸಿಟ್ಟಾ ಅಣ್ಣ?"

ತಮ್ಮನ ಮುಖದಲ್ಲಿ ಕಪಟವಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವನಿಗೆ ಆ ಬಿಟ್ಟ ಪೆಟ್ಟು ಕೇಳಿಸಿಯೇ ಇರಲಿಲ್ಲ.