ಕಬ್ಬಿಣ ಕಂಡ ಮಂಗಳವಾರ

ಗುಲಾಬಿ ಕೈಗೆ ಸೋಪು ಸವರಿಕೊಂಡು ಕೊನೆಯ ಚಿನ್ನದ ಬಳೆ ಕಳಚುತ್ತಿದ್ದಳು. ಕರಿಮಣಿ ಆಗಲೇ ಮರದ ಪೆಟ್ಟಿಗೆ ಸೇರಿತ್ತು. ಕಡಲ ತಳದ ಮರಳು ವಾರಕ್ಕೊಂದು ಕಡೆ ಹೊರಳತೊಡಗಿದ ಮೇಲೆ, ಪ್ರತಿ ಮಂಗಳವಾರ ಹೆಲಿಕಾಪ್ಟರೊಂದು ದೊಡ್ಡ ಬಳೆಯಂಥ ಯಂತ್ರವನ್ನು ತೂಗುಹಾಕಿಕೊಂಡು ಬಂದು ನೀರಿನ ಆಳ ಅಳೆಯುತ್ತಿತ್ತು. ಅದು ಲೋಹವನ್ನೂ ಹಿಡಿಯುತ್ತಿದ್ದರಿಂದ, ಅಳತೆ ತಪ್ಪದಂತೆ ಅಷ್ಟು ಹೊತ್ತು ದಡದವರ ಮೈಮೇಲೆ ಲೋಹ ಇರಕೂಡದು.

"ನನ್ ಮೂಗುತಿ ಬಪ್ಪುದೇ ಇಲ್ಲೆ ಮಾರಾಯ್ತಿ, ಮೂಗನ್ನೇ ಪೆಟ್ಟಿಗಿಗೆ ಹಾಕ್ಲಾ?" ಎಂದು ನೆರೆಮನೆಯ ಮುತ್ತು ನಗಿಸಿದಳು.

ಹೆಲಿಕಾಪ್ಟರು ಸುತ್ತು ಹೊಡೆದು ಹೋಯಿತು. ಆಮೇಲೆ ಮೈಕಿನವನು ಕೂಗಿದ: "ಅಳಿವೆಯಲ್ಲಿ ಏಳು ಮಾರು ನೀರು. ಮರಳು ಸರಿದು ಅಡಿಯಲ್ಲಿ ಕಬ್ಬಿಣ ಕಂಡಿದೆ. ಮುಳುಗಿದ ದೋಣಿ. ಅಲ್ಲಿ ಬಲೆ ಬಿಡಬೇಡಿ."

ಹೊಳೆ ಕಡಲು ಸೇರುವ ಆ ಅಳಿವೆಯಲ್ಲಿ ಕಾಣೆಯಾದದ್ದು ಒಂದೇ ದೋಣಿ, ಗುಲಾಬಿಯ ಗಂಡ ಶೀನನದು. ಅವನು ಎಲ್ಲೋ ದಡ ಸೇರಿ ಬದುಕಿದ್ದಾನೆಂದು ಇನ್ನೂ ನಂಬಿದವಳು ಅವನ ತಾಯಿ ಒಬ್ಬಳೇ. ಮುತ್ತು ಬಾಯಿ ತೆರೆಯುವಷ್ಟರಲ್ಲಿ ಗುಲಾಬಿ ಅವಳ ಕೈ ಅದುಮಿದಳು.

ಕಿವಿ ಮಂದವಾದ ಆ ಮುದುಕಿ ಜಗಲಿಯಿಂದ ಸೊಸೆಯನ್ನು ಕೇಳಿದಳು, "ಎಂತ ಹೇಳ್ರ್, ಹೆಣೆ?"

"ಎಂತ ಇಲ್ಲೆ ಅತ್ತೆ. ನೀರ್ ಹೋದ್ ವಾರದಷ್ಟೇ ಇತ್ತ್ ಅಂಬ್ರ್."

"ಹಂಗಾರೆ ಬಾ, ಕರಿಮಣಿ ಹಾಕ್ತೆ. ಶೀನ ಬಪ್ಪತಿಗೆ ಕುತ್ತಿಗಿ ಬೋಳ್ ಇಪ್ಪುಕಾಗ."

ಪ್ರತಿ ಮಂಗಳವಾರದಂತೆ ಗುಲಾಬಿ ಅತ್ತೆಯ ಮುಂದೆ ಕೂತು ತಲೆ ತಗ್ಗಿಸಿದಳು. ಕರಿಮಣಿ ತಣ್ಣಗೆ ಎದೆಗಿಳಿಯಿತು. ಈ ಮುದುಕಿಯ ಉಸಿರಿರುವವರೆಗೆ ಇದನ್ನು ತೆಗೆಯುವುದು ಮಂಗಳವಾರ ಮಾತ್ರ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು, ಬಳೆ ಏರಿಸಲು ಅವಳು ಮತ್ತೆ ಸೋಪು ಹುಡುಕಿದಳು.