ಆರತಿ ಹಾಡಿಗೆ ನೊಟೇಶನ್

“ಮತ್ತೆ ಬೋಗಾದಿಗಾ?”

ಚಪ್ಪಲಿ ಮೆಟ್ಟುತ್ತಿದ್ದ ಅಂಬುಜಾ ತಿರುಗಿ ನೋಡಲಿಲ್ಲ. ಗಂಡ ಗೋವಿಂದರಾಜು ಪೇಪರ್ ಮಡಿಚಿ ಪಕ್ಕಕ್ಕಿಟ್ಟ.

“ಕೊಟ್ಟಾಯ್ತು, ಅಂಬುಜಾ. ಕೊಟ್ಟ ಮೇಲೆ ಅವರದು. ನೀನು ಹೀಗೆ ಹೋಗಿ ಹೋಗಿ ನೋಡ್ತಿದ್ರೆ ಆ ಹುಡುಗಿಗೆ ಹಿಂಸೆ ಆಗಲ್ವಾ?”

“ನೊಟೇಶನ್ ಕೊಟ್ಟು ಬಂದ್ಬಿಡ್ತೀನಿ ಕಣ್ರೀ. ಅಷ್ಟೇ.”

ಪವಮಾನ ಹೋದ ಮೇಲೆ ಬರುತ್ತಿರುವ ಎರಡನೆಯ ಗೌರಿ ಹಬ್ಬ ಇದು. ರಿಂಗ್ ರಸ್ತೆಯಲ್ಲಿ ಬೈಕು, ಎದುರಿಗೆ ಲಾರಿ. ಅದರಾಚೆಗಿನದನ್ನು ಅಂಬುಜಾ ಯಾರಿಗೂ ಹೇಳುವುದಿಲ್ಲ. ಒಬ್ಬನೇ ಮಗ. ಅವನ ಕೀಬೋರ್ಡು ಹಾಲಿನ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಬಿದ್ದಿತ್ತು. ಈ ಬೇಸಗೆಯಲ್ಲಿ ಅವಳು ಅದನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ, ಬೋಗಾದಿಯ ಸುಷ್ಮಿತಾ ಎಂಬ ಹುಡುಗಿಗೆ ಕೊಟ್ಟು ಬಂದಳು.

ಬೀದಿಯವರು ಸುಮ್ಮನಿರುತ್ತಾರೆಯೇ? ಎದುರುಮನೆಯ ವಸಂತಮ್ಮ ಗೇಟಿನಲ್ಲೇ ಹಿಡಿದುಕೊಂಡಿದ್ದಳು. “ಪವಮಾನನಿಗೆ ಬೇಕಾದ ಹುಡುಗಿ ಏನ್ರೀ? ಪಾಪ, ಅವನಿದ್ದಿದ್ರೆ ನಿಮ್ಮನೆ ಸೊಸೆ ಆಗ್ತಿದ್ಲೋ ಏನೋ.” ಅಂಬುಜಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಸಂತಮ್ಮನಿಗೆ ಅಷ್ಟೇ ಸಾಕಿತ್ತು. ಸಂಜೆಯೊಳಗೆ ಇಡೀ ಬೀದಿ ಆ ಪ್ರೇಮಕಥೆ ಮಾತಾಡಿ ಮುಗಿಸಿ, ಲೊಚಗುಟ್ಟಿ, ಅನ್ನಕ್ಕಿಡಲು ಒಳಗೆ ಹೋಯಿತು.

ಅಂಬುಜಾಗೆ ಬೇಕಿದ್ದದ್ದು ಒಂದೇ. ಮಗ ನುಡಿಸುತ್ತಿದ್ದ ಮೂರು ಹಾಡುಗಳನ್ನು ಇನ್ನೊಂದು ಸಲ ಕೇಳಬೇಕು. ಫೋನಿನಲ್ಲಿ ರೆಕಾರ್ಡಿಂಗ್ ಇತ್ತು, ಆದರೆ ಅದು ಸಾಲದು. ಅದೇ ಕೀಬೋರ್ಡಿನಲ್ಲಿ, ಕಣ್ಣೆದುರಿಗೆ ನುಡಿಸಬೇಕು. ಅದೂ ಸುಷ್ಮಿತಾಳೇ ನುಡಿಸಬೇಕು. ಬೇರೆ ಯಾರು ನುಡಿಸಿದರೂ ಆಗದು.

ತೊಂದರೆಯೆಂದರೆ, ಪವಮಾನ ಕೇಳಿ ಕಲಿತವನು. ಒಂದು ಸ್ವರವನ್ನೂ ಬರೆದಿಟ್ಟವನಲ್ಲ. ಸುಷ್ಮಿತಾಗೆ ಎದುರಿಗೆ ಸರಿಗಮ ಇಲ್ಲದಿದ್ದರೆ ಕೆಲಸ ಸಾಗದು. ಹಾಗಾಗಿ ಅಂಬುಜಾಳ ಅಲೆದಾಟ ಶುರುವಾಯಿತು. ಮೋಹನ ರಾಗದ ವರ್ಣವೇನೋ ದೇವರಾಜ ಅರಸ್ ರಸ್ತೆಯ ಪುಸ್ತಕದಂಗಡಿಯಲ್ಲಿ ಕೇಳಿದ ಕೂಡಲೇ ಸಿಕ್ಕಿತು. ಹಳೆಯ ಕಪ್ಪುಬಿಳುಪು ಸಿನಿಮಾದ ಲಾಲಿ ಹಾಡು ಸತಾಯಿಸಿತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಪ್ರತಿಯಲ್ಲಿ ಚರಣವೇ ಇರಲಿಲ್ಲ. ಇನ್ನೊಂದು ಪಾಶ್ಚಾತ್ಯ ಪದ್ಧತಿಯದು. ಅವಳ ಕಣ್ಣಿಗೆ ಗೆರೆಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಂಡಿತು. ಕೊನೆಗೆ ಶ್ರೀರಾಂಪುರದ ಸಂಗೀತದ ಮೇಷ್ಟ್ರು ಮಹದೇವಸ್ವಾಮಿ ಅದನ್ನು ಸರಿಗಮದಲ್ಲಿ ಬರೆದುಕೊಟ್ಟರು.

ಮೂರನೆಯದು ಗೌರಿ ಹಬ್ಬದ ಆರತಿ ಹಾಡು. ಅಂಬುಜಾಳ ತವರಿನದು, ಅಜ್ಜಿಯ ಬಾಯಿಂದ ಬಂದದ್ದು. ಅದಕ್ಕೆ ಎಲ್ಲಿಯ ಪುಸ್ತಕ?

“ನೀವು ಹಾಡಿ, ನಾನು ಬರ್ಕೋತೀನಿ,” ಅಂದರು ಮೇಷ್ಟ್ರು.

ಹಾಡಿದಳು. ಎರಡನೆಯ ಸಾಲಿಗೇ ಹಾಡು ನಿಂತಿತು. ಮೇಷ್ಟ್ರು ನೀರು ಕೊಟ್ಟು ಕಾದರು.

“ಯಾರಮ್ಮ ನುಡಿಸೋದು ಇದನ್ನ?”

“ಮಗ ನುಡಿಸ್ತಿದ್ದ ಸರ್. ಈಗ ಒಂದು ಹುಡುಗಿ ನುಡಿಸ್ಬೇಕು.”

ಮೇಷ್ಟ್ರು ಪೆನ್ನು ಎತ್ತಿಕೊಂಡು, ಮುಂದಿನ ಸಾಲು ಹಾಡಿ ಎಂದರು. ಒಳ್ಳೆಯವರು.

ಬೋಗಾದಿಯಲ್ಲಿ ಬಾಗಿಲು ತೆಗೆದದ್ದು ಸುಷ್ಮಿತಾಳ ತಾಯಿ ಚಾಮುಂಡಮ್ಮ. “ಬನ್ನಿ ಅಮ್ಮ. ಬೆಳಿಗ್ಗೆಯಿಂದ ನಿಮ್ಮ ದಾರೀನೇ ಕಾಯ್ತಾ ಕುಂತವ್ಳೆ.” ಅಂಬುಜಾ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದಳು. ಹೊರಗಿನಿಂದ ಯಾರೇ ಬಂದರೂ ಆ ಮನೆಯಲ್ಲಿ ಅದು ಕಡ್ಡಾಯ.

ಸೆಕೆ ಇದ್ದರೂ ಸುಷ್ಮಿತಾ ತುಂಬುತೋಳಿನ ಕುರ್ತಾ ತೊಟ್ಟಿದ್ದಳು. ಅಂಬುಜಾ ಮೊದಲು ನೋಡಿದ್ದು ಅವಳ ಉಗುರುಗಳನ್ನು.

“ಚೆನ್ನಾಗಿ ಕತ್ತರಿಸ್ಕೊಂಡಿದ್ದೀಯ.”

“ನೀವು ಹೇಳಿದ್ರಲ್ಲಮ್ಮ.” ಹುಡುಗಿ ನಕ್ಕಳು. “ಬೆರಳು ಇನ್ನೂ ಮಾತು ಕೇಳಲ್ಲ. ಬೇಜಾರ್ ಮಾಡ್ಕೋಬೇಡಿ.”

ವರ್ಣ ತೆವಳಿಕೊಂಡು ಸಾಗಿತು. ಲಾಲಿ ಹಾಡು ಅಲ್ಲಲ್ಲಿ ನಿಂತು ನಿಂತು ಮುಗಿಯಿತು. ಅಂಬುಜಾಳ ಕಣ್ಣು ಒಮ್ಮೆಯೂ ಹುಡುಗಿಯ ಮುಖದ ಕಡೆ ಹೋಗಲಿಲ್ಲ.

ಆಮೇಲೆ ಆರತಿ ಹಾಡು. ಇಷ್ಟು ದಿನದ ಆಸೆಯೆಲ್ಲ ಇದರ ಮೇಲಿತ್ತು. ಮೂರನೆಯ ಸಾಲಿನ ಕೊನೆಯಲ್ಲಿ ಪವಮಾನ ಪ್ರತಿ ಹಬ್ಬಕ್ಕೂ ತಪ್ಪುತ್ತಿದ್ದ. ಬೆರಳು ಪಕ್ಕದ ಸ್ವರಕ್ಕೆ ಜಾರುತ್ತಿತ್ತು. “ಗೌರಮ್ಮ ಎದ್ದು ಹೋಗ್ತಾಳೆ ಕಣೋ” ಎಂದು ಗದರಿದರೆ ನಗುತ್ತಾ ಮತ್ತೆ ಅಲ್ಲೇ ಜಾರುತ್ತಿದ್ದ. ಆ ತಪ್ಪನ್ನು ಅವಳು ಬೇಕೆಂದೇ ಮೇಷ್ಟ್ರಿಗೆ ಹೇಳಿರಲಿಲ್ಲ. ಕಾಗದದಲ್ಲಿ ಇದ್ದದ್ದು ಸರಿಯಾದ ಸ್ವರ. ಕಾಗದ ನೋಡಿಕೊಂಡು ನುಡಿಸುವಾಗಲೂ ಅಲ್ಲಿ ಬೆರಳು ತಾನಾಗಿ ಜಾರಬೇಕು. ಒಂದೇ ಒಂದು ಸಲ ಜಾರಿದರೆ ಸಾಕು, ಇನ್ನೇನೂ ಬೇಡ ಎಂದು ಅಂಬುಜಾ ದೇವರಿಗೆ ಹೇಳಿಕೊಂಡಳು.

ಮೂರನೆಯ ಸಾಲಿನ ಕೊನೆ ಬಂತು. ಸುಷ್ಮಿತಾಳ ಬೆರಳು ತಡೆದು ನಿಂತಿತು. ಅವಳು ಕಾಗದದ ಕಡೆ ಬಗ್ಗಿ ನೋಡಿದಳು. ಸರಿಯಾದ ಸ್ವರವನ್ನೇ ಒತ್ತಿದಳು.

ಅಂಬುಜಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮಗ ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಅವತ್ತು ಏನೋ ಒಂದು ಉಳಿಯಿತು ಎಂಬ ಸಮಾಧಾನವಾದರೂ ಇತ್ತು.

“ತಪ್ಪು ನುಡಿಸ್ಬುಟ್ನಾ ಅಮ್ಮ?”

“ಇಲ್ಲ ಮಗೂ. ಸರಿಯಾಗೇ ನುಡಿಸ್ದೆ.”

“ನಾನು ಅವ್ರನ್ನ ನೋಡೇ ಇಲ್ವಲ್ಲಮ್ಮ. ಅವ್ರ ಥರ ಹೆಂಗೆ ನುಡಿಸ್ಲಿ?”

ಸುಷ್ಮಿತಾಳೂ ಅಳುತ್ತಿದ್ದಳು. ಎದ್ದು ಬಂದು ಅಂಬುಜಾಳ ಕಣ್ಣೊರೆಸಿದಳು. ಅಂಬುಜಾ ಆ ಎರಡೂ ಕೈಗಳನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು, ಬಿಡಲಿಲ್ಲ.

ಕರೆಂಟಿಗೆ ಸಿಕ್ಕಿ ಕೈಗಳನ್ನು ಕಳೆದುಕೊಂಡಿದ್ದ ಹುಡುಗಿಗೆ ಡಾಕ್ಟರುಗಳು ಜೋಡಿಸಿದ್ದ ಅವು, ಮಣಿಕಟ್ಟಿನ ಹೊಲಿಗೆಯಿಂದ ಬೆರಳ ತುದಿಯವರೆಗೂ, ಪವಮಾನನ ಕೈಗಳು.