ತೊರಕೆ, ಸುಂಡಿಲಿ ಮತ್ತು ಮುಖ್ಯ ಅತಿಥಿ

ಮೊಮ್ಮಗಳ ಚಾರ್ಟನ್ನು ಹೆಮ್ಮೆಯಿಂದ ಓದುತ್ತಿದ್ದ ಸೋಮಶೇಖರಪ್ಪನವರು ಕೊನೆಯ ಸಾಲಿಗೆ ಬಂದವರೇ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅಳಿವಿನಂಚಿನ ಎರಡು ಪ್ರಾಣಿಗಳ ಹೋಲಿಕೆ ಅದು. ಎಡಕ್ಕೆ ಕಡಲ ತಳದಲ್ಲಿ ಚಪ್ಪಟೆಯಾಗಿ ಮಲಗುವ ತೊರಕೆ ಮೀನು, ಬಲಕ್ಕೆ ಉದ್ದ ಮೂತಿಯ ಕಾಡು ಸುಂಡಿಲಿ. ಶತ್ರು ಯಾರು ಎಂಬಲ್ಲಿ ತೊರಕೆಗೆ 'ಮೀನಿನ ಬಲೆ' ಎಂದಿತ್ತು. ಸುಂಡಿಲಿಗೆ 'ನಮ್ಮ ಅಜ್ಜ'.

ನಾಳೆ ಕೊಟ್ಟಿಗೆಹಾರದ ಶಾಲೆಯಲ್ಲಿ ಈ ಚಾರ್ಟುಗಳ ಪ್ರದರ್ಶನ. ಮುಖ್ಯ ಅತಿಥಿ ಇದೇ ಅಜ್ಜ. ಘಾಟಿ ಹತ್ತಿ ಬರುವ ಮೀನಿನ ವ್ಯಾನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಮನುಷ್ಯ, ಪ್ರಾಣಿದಯೆಯ ಮೇಲೆ ಭಾಷಣವನ್ನೂ ಬರೆದಿಟ್ಟುಕೊಂಡಿದ್ದರು. ಊರೆದುರು ಮಾನ ಹೋಗುವ ಕೆಲಸ ಇದು.

"ಅಳಿಸೇ ಧನ್ಯಾ. ನಾನು ಮೊಟ್ಟೆ ಸಹ ಮುಟ್ಟದವನು ಮಾರಾಯ್ತಿ."

"ಅದಕ್ಕೇ ತೊರಕೆ ಬಚಾವಾಯ್ತು ಅಜ್ಜ. ಕಾಫಿ ಮೂಟೆ ಇಡೋ ಸ್ಟೋರಲ್ಲಿ ಅಂಟಿನ ಹಲಗೆ ಇಟ್ಟಿರೋರು ಯಾರು?"

"ಅದು ಇಲಿಗೆ!"

"ಸುಂಡಿಲಿ ಇಲಿನೇ ಅಲ್ಲ. ನಿಮ್ಮ ಕಾಫಿ ಮುಟ್ಟಲ್ಲ, ಹುಳ ತಿನ್ನುತ್ತೆ. ಮನೆ ಸುಂಡಿಲಿ ಬೇಕಾದಷ್ಟಿದೆ, ಕಾಡಿಂದು ಅಪರೂಪ. ಅಂಟಿಗೆ ಸಿಕ್ಕಿದ್ದು ಯಾವುದು ಅಂತ ಒಂದು ದಿನಾನಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಮುಖ ಆಚೆ ತಿರುಗಿಸಿ ಹಲಗೆ ಮಡಚಿ ಎಸೆಯುವುದಷ್ಟೇ ಅವರ ರೂಢಿ.

"ಹುಳ ತಿಂದ್ರೆ ಅದು ಮಾಂಸಾಹಾರಿ ಆಯ್ತಲ್ಲ ಧನ್ಯಾ," ಅಡುಗೆಮನೆಯಿಂದ ಹೆಂಡತಿ ಪ್ರೇಮಕುಮಾರಿಯ ದನಿ ಬಂತು. "ಅದಕ್ಕೇ ನಿನ್ನಜ್ಜ ಒಳಗೆ ಬಿಟ್ಕೊಳ್ಳಲ್ಲ."

ಸೋಮಶೇಖರಪ್ಪನವರು ಎದ್ದು ಸ್ಟೋರಿಗೆ ಹೋದರು. ಹಲಗೆಯ ಮೇಲೆ ಬೆರಳುದ್ದದ ಜೀವವೊಂದು ಅಂಟಿಕೊಂಡು ಕೀಚುಗುಡುತ್ತಿತ್ತು. ಮನೆಯದೋ ಕಾಡಿನದೋ ಅವರಿಗೆ ತಿಳಿಯಲಿಲ್ಲ. ಅಷ್ಟು ಪುಟ್ಟ ಕಾಲುಗಳನ್ನು ಅವರು ಈವರೆಗೆ ಕಂಡಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಒಂದೊಂದೇ ಕಾಲು ಬಿಡಿಸಿದರು. ನಾಲ್ಕನೆಯದು ಬಿಟ್ಟದ್ದೇ ತಡ, ಅದು ಅವರ ಹೆಬ್ಬೆರಳಿಗೆ ಬಾಯಿ ಹಾಕಿ ಮೂಟೆಗಳ ಸಂದಿಗೆ ಓಡಿತು.

ಮರುದಿನ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಟೇಪು ಕತ್ತರಿಸಿದ ಮುಖ್ಯ ಅತಿಥಿಗಳು ನೇರ ಮೊಮ್ಮಗಳ ಚಾರ್ಟಿನ ಬಳಿ ನಡೆದರು. 'ನಮ್ಮ ಅಜ್ಜ' ಇದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿ 'ಅಂಟಿನ ಹಲಗೆ' ಎಂದು ಬರೆದಿತ್ತು. ಸದ್ಯ, ಮಾನ ಉಳಿಯಿತು ಎಂದುಕೊಂಡರು.

ಅದರ ಕೆಳಗೆ ಹೊಸದೊಂದು ಸಾಲಿತ್ತು: ಆತ್ಮರಕ್ಷಣೆ. ತೊರಕೆಗೆ 'ಬಾಲದ ಮುಳ್ಳು'. ಸುಂಡಿಲಿಗೆ 'ಹಲ್ಲು. ಪುರಾವೆ: ಮುಖ್ಯ ಅತಿಥಿಗಳ ಹೆಬ್ಬೆರಳು'.